ಮೂರನೇ ತರಗತಿಯಲ್ಲಿ ಬರೀ ಪ್ರಾರ್ಥನೆಯಲ್ಲ

‘ಕಾನ್ವೆಂಟಿನ ಮೂರನೇ ತರಗತಿಯಲ್ಲಿ ಇಂಗ್ಲಿಷ್, ಪ್ರಾರ್ಥನೆ ಬಿಟ್ಟರೆ ಏನಿದೆ’ ಎಂದು ಲೇಖನದಲ್ಲಿ ಕೇಳಿದ್ದೀರಿ. ನನ್ನ ಮಗಳು ಕಾರವಾರದಲ್ಲಿ ಸಿಸ್ಟರುಗಳು ನಡೆಸುವ ಶಾಲೆಯಲ್ಲಿ ಮೂರನೆಯಲ್ಲಿದ್ದಾಳೆ. ಮನೆಮಾತು ಕೊಂಕಣಿ, ಕನ್ನಡದ ಒತ್ತಕ್ಷರ ತಪ್ಪಿಲ್ಲದೆ ಬರೆಯಲು ಕಲಿತದ್ದು ಅಲ್ಲೇ. ಮಗ್ಗಿ, ಭಾಗಾಕಾರ ಎಲ್ಲ ಕಡೆಯಂತೆ. ಪರಿಸರ ಅಧ್ಯಯನದಲ್ಲಿ ನದಿಯ ಪಾಠ ಬಂದಾಗ ಟೀಚರ್ ನಮ್ಮ ಕಾಳಿಯನ್ನೇ ತೆಗೆದುಕೊಂಡರು: ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ, 184 ಕಿ.ಮೀ. ಹರಿದು ಇಲ್ಲಿ ಸಮುದ್ರ ಸೇರುವ ನದಿ. ಆ ಭಾನುವಾರ ಕೋಡಿಬಾಗದ ದಂಡೆಯಲ್ಲಿ ನಿಂತು, ಸಿಹಿನೀರು ಎಲ್ಲಿ ಮುಗಿದು ಉಪ್ಪುನೀರು ಎಲ್ಲಿ ಶುರುವಾಗುತ್ತದೆ ಎಂದು ಕೇಳಿದಳು. ಎಷ್ಟು ಹೆಮ್ಮೆಯಾಯಿತು ನನಗೆ! ಧರ್ಮೋಪದೇಶ ಕೆಥೊಲಿಕ್ ಮಕ್ಕಳಿಗೆ ಮಾತ್ರ. ಆ ಪಿರಿಯಡ್‌ನಲ್ಲಿ ಇವಳಿಗೆ ಮೌಲ್ಯ ಶಿಕ್ಷಣ. ಮಾನ್ಯತೆ ಪಡೆದ ಯಾವ ಶಾಲೆಯೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ, ಸಂವಿಧಾನದ 28(3)ನೇ ವಿಧಿ ಹಾಗೇ ಹೇಳುತ್ತದೆ.