ಮೈಗೆ ಕಲಿಸಿದ ಪಾಠ, ಕಿವಿಗೆ ಹೇಳಿದ ಮಾತು

ಪ್ಲಸೀಬೊ ಅಂದರೆ ಸಕ್ಕರೆ ಗುಳಿಗೆ ಕೊಟ್ಟು ನಂಬಿಸುವುದು, ಅಷ್ಟೇ ಅಂದುಕೊಂಡವರು ಪ್ರಯೋಗಾಲಯದಲ್ಲಿ ಅದನ್ನು ಹೇಗೆ ಹುಟ್ಟಿಸುತ್ತಾರೆ ಅಂತ ಒಮ್ಮೆ ನೋಡಬೇಕು.

ಮುಂಗೈ ಮೇಲೆ ಬಿಸಿ ಬಿಲ್ಲೆ ಇಡುತ್ತಾರೆ. ನೋವಿಗೆ 0ಯಿಂದ 100ರವರೆಗೆ ಅಂಕ. ಎರಡು ಡಬ್ಬಿಗಳಲ್ಲೂ ಇರುವುದು ಒಂದೇ ಮುಲಾಮು, ಆದರೆ ಒಂದರ ಮೇಲೆ ಮಾತ್ರ 'ನೋವು ನಿವಾರಕ' ಎಂಬ ಚೀಟಿ. ಆ ಮುಲಾಮು ಹಚ್ಚಿದ ಜಾಗಕ್ಕೆ ಬಿಸಿಯನ್ನು ಗುಟ್ಟಾಗಿ ಇಳಿಸುತ್ತಾರೆ. ಹೀಗೆ ಹಲವು ಸಲ. ಕೊನೆಗೆ ಎರಡೂ ಜಾಗಕ್ಕೆ ಒಂದೇ ಬಿಸಿ ಕೊಟ್ಟರೂ ಚೀಟಿಯ ಮುಲಾಮಿನ ಜಾಗಕ್ಕೆ ಅಂಕ ಕಡಿಮೆ ಬೀಳುತ್ತದೆ. ಆ ವ್ಯತ್ಯಾಸವೇ ಪ್ಲಸೀಬೊ ಪರಿಣಾಮ. ಗುಟ್ಟಾಗಿ ನೋವು ಇಳಿಸುವ ಈ ಉಪಾಯವನ್ನು ವೌಡೂರಿಸ್ ಮತ್ತು ಸಂಗಡಿಗರು 1985ರಲ್ಲೇ ಬಳಸಿದ್ದರು.

ಗುಟ್ಟು ರಟ್ಟಾದರೆ? 1997ರಲ್ಲಿ ಮಾಂಟ್ಗೊಮರಿ ಮತ್ತು ಕಿರ್ಶ್ ನೋಡಿದ್ದು ಅದನ್ನೇ. ನೋವು ಇಳಿಸುತ್ತಿರುವುದು ನಾವೇ ಅಂತ ತಿಳಿಸಿದವರಲ್ಲಿ ಪರಿಣಾಮ ಹುಟ್ಟಲಿಲ್ಲ. ಹಾಗಾದರೆ ಎಲ್ಲ ಬರೀ ನಿರೀಕ್ಷೆ ಅನ್ನಿಸುತ್ತದೆ. ಆದರೆ 2015ರಲ್ಲಿ ಶೇಫರ್, ಕೊಲೊಕಾ, ವೇಗರ್ ತರಬೇತಿಯನ್ನು ಒಂದರ ಬದಲು ನಾಲ್ಕು ಅವಧಿಗೆ ಎಳೆದರು. ಒಂದೇ ಅವಧಿಯವರಲ್ಲಿ ಸತ್ಯ ಹೇಳಿದ ಕೂಡಲೇ ಪರಿಣಾಮ ಇಲ್ಲವಾಯಿತು, ನಾಲ್ಕರವರಲ್ಲಿ ಮುಲಾಮು ಸುಳ್ಳು ಅಂತ ಗೊತ್ತಾದ ಮೇಲೂ ಉಳಿಯಿತು. ಸರಿಯಾಗಿ ಪಳಗಿದ ಮೈ ತಲೆಯ ಮಾತು ಕೇಳುವುದಿಲ್ಲ.

ನನಗೆ ಇನ್ನೂ ಸೋಜಿಗ ಅನ್ನಿಸುವುದು ಅಮಾನ್ಜಿಯೊ ಮತ್ತು ಬೆನೆಡೆಟ್ಟಿಯವರ 1999ರ ಕೆಲಸ. ಮೊದಲು ಮಾರ್ಫಿನ್ ಕೊಟ್ಟು ಪಳಗಿಸಿ ಆಮೇಲೆ ಉಪ್ಪುನೀರು ಚುಚ್ಚಿದರೆ ನೋವು ಇಳಿಯುತ್ತದೆ, ಮಾರ್ಫಿನ್‌ ದಾರಿಗೆ ತಡೆ ಹಾಕುವ ನಲೋಕ್ಸೋನ್ ಕೊಟ್ಟರೆ ಆ ಇಳಿಕೆ ಅಳಿಸಿಹೋಗುತ್ತದೆ. ಬೇರೆ ದಾರಿಯಲ್ಲಿ ನೋವು ಇಳಿಸುವ ಕೆಟೊರೊಲ್ಯಾಕ್‌ನಿಂದ ಪಳಗಿಸಿದ್ದರೆ ನಲೋಕ್ಸೋನ್‌ಗೆ ಅದನ್ನು ಅಳಿಸಲು ಆಗುವುದಿಲ್ಲ. ಯಾವ ಔಷಧಿ ಪಾಠ ಹೇಳಿತೋ ಅದರ ದಾರಿಯನ್ನೇ ಮೈ ಹಿಡಿಯುತ್ತದೆ. ಇದನ್ನು 'ಮನಸ್ಸಿನ ಭ್ರಮೆ' ಅಂದರೆ ನನಗೆ ರೇಗುತ್ತದೆ.

ನೊಸೀಬೊ, ಅಂದರೆ ಕೆಡುಕಾಗುತ್ತದೆ ಎಂಬ ನಿರೀಕ್ಷೆಯಿಂದಲೇ ಆಗುವ ಕೆಡುಕು, ಮಾತ್ರ ಬೇರೆ ಜಾತಿ. ಹಿತ ಗಟ್ಟಿಯಾಗಿ ನೆಲೆಯೂರಲು ಅನುಭವದ ಪಾಠ ಬೇಕು, ಕೆಡುಕಿಗೆ ಮಾತೇ ಸಾಕಾಗಬಹುದು. 2008ರಲ್ಲಿ ಕೊಲೊಕಾ ತಂಡ ತೋರಿಸಿದಂತೆ, ಬರೀ ಎಚ್ಚರಿಕೆಯ ಮಾತಿಗೇ ನೋವಿಲ್ಲದ ಸ್ಪರ್ಶವೂ ನೋವಾಯಿತು.

ಇದರ ಬೆಲೆ ಎಷ್ಟು ಅಂತ 2020ರ 'ಸ್ಯಾಮ್ಸನ್' ಎಂಬ ಹೆಸರಿನ ಪ್ರಯೋಗ ತೋರಿಸಿತು. ಅಡ್ಡಪರಿಣಾಮ ತಾಳದೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಗುಳಿಗೆ) ಬಿಟ್ಟಿದ್ದ 60 ಜನರಿಗೆ ತಿಂಗಳಿಗೊಂದರಂತೆ 12 ಬಾಟಲಿ: ನಾಲ್ಕರಲ್ಲಿ ಅಟೋರ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ 20 ಮಿಲಿಗ್ರಾಂ, ನಾಲ್ಕರಲ್ಲಿ ಪ್ಲಸೀಬೊ, ನಾಲ್ಕು ಖಾಲಿ. ಖಾಲಿ ತಿಂಗಳಲ್ಲಿ ತೊಂದರೆಯ ಸರಾಸರಿ ಅಂಕ ನೂರಕ್ಕೆ 8.0, ಪ್ಲಸೀಬೊದಲ್ಲಿ 15.4, ಸ್ಟ್ಯಾಟಿನ್‌ನಲ್ಲಿ 16.3. ತೊಂದರೆ ನಿಜ, ಆದರೆ ಸ್ಟ್ಯಾಟಿನ್ ತಿಂಗಳಲ್ಲಿ ಹೆಚ್ಚಿದ್ದರ ಬಹುಪಾಲು ಬಂದದ್ದು ಗುಳಿಗೆ ನುಂಗುವ ಕ್ರಿಯೆಯಿಂದ. ತಮ್ಮದೇ ಅಂಕಗಳನ್ನು ತೋರಿಸಿದಾಗ ಅರ್ಧದಷ್ಟು ಜನ ಸ್ಟ್ಯಾಟಿನ್‌ಗೆ ಮರಳಿದರು. ಯಾವ ಉಪದೇಶಕ್ಕಿಂತಲೂ ಇದು ಮೇಲು.

ಚಿಕಿತ್ಸೆ ಕೊಡುವವರು ಎಡವುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ಮೊದಲ ಔಷಧಿ ಸೋತರೆ ಆ ಸೋಲೂ ಒಂದು ಪಾಠವೇ, ಮುಂದಿನ ಔಷಧಿಯ ಮೇಲೂ ಅದರ ನೆರಳು ಬೀಳುತ್ತದೆ. ಆದ್ದರಿಂದ ಶುರುವಿಗೇ ಅರೆಮನಸ್ಸಿನ ಪ್ರಮಾಣ ಬೇಡ. 'ನೂರರಲ್ಲಿ ಐವರಿಗೆ ವಾಕರಿಕೆ ಬರುತ್ತದೆ' ಅನ್ನುವ ಬದಲು 'ತೊಂಬತ್ತೈದು ಜನಕ್ಕೆ ಬರುವುದಿಲ್ಲ' ಅನ್ನಿ. ಎರಡೂ ಸತ್ಯವೇ, ಮುಚ್ಚಿಟ್ಟದ್ದೇನೂ ಇಲ್ಲ.

ಹಾಗಂತ ಪ್ಲಸೀಬೊವನ್ನು ತಲೆ ಮೇಲೆ ಹೊತ್ತು ಕುಣಿಯುವವರಿಗೂ ಒಂದು ಮಾತು. 2011ರ ಅಸ್ತಮಾ ಅಧ್ಯಯನದಲ್ಲಿ ಶ್ವಾಸನಾಳ ಹಿಗ್ಗಿಸುವ ಅಲ್ಬುಟೆರಾಲ್ ಸೇದಿದಾಗ ಶ್ವಾಸಕೋಶದಿಂದ ಊದುವ ಗಾಳಿಯ ಅಳತೆ ಶೇ. 20 ಏರಿತು. ಸುಳ್ಳು ಇನ್‌ಹೇಲರ್‌ನಲ್ಲೂ, ಏನೂ ಕೊಡದಿದ್ದಾಗಲೂ ಏರಿದ್ದು ಶೇ. 7 ಮಾತ್ರ. ಆದರೆ 'ಎಷ್ಟು ಹಗುರಾಯಿತು' ಅಂತ ಕೇಳಿದರೆ ನಿಜದ್ದಕ್ಕೆ ಶೇ. 50, ಸುಳ್ಳಿಗೆ ಶೇ. 45. ಹಾಗಾಗಿ ಅಸ್ತಮಾ ಇರುವವರನ್ನು 'ಹೇಗಿದೆ' ಅಂತ ಕೇಳಿ ಬಿಟ್ಟುಬಿಡಬಾರದು, ಯಂತ್ರಕ್ಕೆ ಊದಿಸಿ ಅಳೆಯಲೇಬೇಕು.