ಎಕರೆಗೊಂದು ವೋಟು, ಮಿಕ್ಕಿಗೊಂದು ಸರ್ಕಾರ

ಜಮೀನಿದ್ದವರು ಮನೆ ಕಟ್ಟುತ್ತಾರೆ, ತೋಟ ಮಾಡುತ್ತಾರೆ, ಬೇರೆ ಕೆಲಸ ಇಲ್ಲದಿದ್ದರೆ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುತ್ತಾರೆ. ಆದರೆ ಜಮೀನು ತೀರಾ ಜಾಸ್ತಿ ಇದ್ದರೆ ಒಂದು ಸರ್ಕಾರವನ್ನೇ ಇಟ್ಟುಕೊಳ್ಳಬಹುದು ಅಂತ ತೋರಿಸಿಕೊಟ್ಟಿದ್ದು ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿರುವ ಮೋಜಿನ ಪಾರ್ಕುಗಳ ತಾಣ ವಾಲ್ಟ್ ಡಿಸ್ನಿ ವರ್ಲ್ಡ್.

ಆ ಜಮೀನು ಕೈಗೆ ಬಂದ ಬಗೆಯೇ ಚೆಂದ. 1960ರ ದಶಕದ ನಡುವೆ ಒರ್ಲ್ಯಾಂಡೊ ಪಕ್ಕದ ಜೌಗು ನೆಲವನ್ನು ಯಾರ್ಯಾರೋ ಕೊಳ್ಳತೊಡಗಿದರು. ಟಾಮಹಾಕ್ ಪ್ರಾಪರ್ಟೀಸ್ ಅಂತ ಒಂದು ಕಂಪನಿ, ಲ್ಯಾಟಿನ್-ಅಮೆರಿಕನ್ ಡೆವಲಪ್‌ಮೆಂಟ್ ಅಂಡ್ ಮ್ಯಾನೇಜ್‌ಮೆಂಟ್ ಅಂತ ಇನ್ನೊಂದು, ಪಕ್ಕದ ಐ-4 ಹೆದ್ದಾರಿಯ ಹೆಸರನ್ನೇ ತಿರುಚಿ ಆಯ್‌ಫೋರ್ ಕಾರ್ಪೊರೇಷನ್ ಅಂತ ಮತ್ತೊಂದು. ಹೆಸರು ಬೇರೆ ಬೇರೆ, ಜೇಬು ಮಾತ್ರ ಒಂದೇ. ಸರಾಸರಿ ಎಕರೆಗೆ 200 ಡಾಲರಿಗಿಂತ ಕಡಿಮೆ ಬೆಲೆಗೆ 27,000 ಎಕರೆಯಷ್ಟು ನೆಲ ಕೈ ಬದಲಾಯಿತು. ಅಂದರೆ ಮ್ಯಾನ್‌ಹ್ಯಾಟನ್ ದ್ವೀಪದ ಸುಮಾರು ಎರಡರಷ್ಟು. 1965ರ ಅಕ್ಟೋಬರ್‌ನಲ್ಲಿ ಸ್ಥಳೀಯ ಪತ್ರಿಕೆ ಗುಟ್ಟು ಒಡೆಯಿತು, ನವೆಂಬರ್‌ನಲ್ಲಿ ಗವರ್ನರ್ ಹೇಡನ್ ಬರ್ನ್ಸ್ ಡಿಸ್ನಿ ಸೋದರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುದ್ದಿಗೋಷ್ಠಿ ಮಾಡಿದರು, ಅಷ್ಟರಲ್ಲಿ ಮಾರಿದವರಿಗೆ ಕೈ ಹಿಸುಕಿಕೊಳ್ಳುವುದು ಬಿಟ್ಟು ಬೇರೆ ಕೆಲಸ ಉಳಿದಿರಲಿಲ್ಲ. ಇರಲಿ, ಅದು ವ್ಯಾಪಾರ. ಅಲ್ಲಿಗೆ ಮುಗಿದಿದ್ದರೆ ಈ ಲೇಖನ ಬೇಕಿರಲಿಲ್ಲ.

1967ರಲ್ಲಿ ರಾಜ್ಯದ ಶಾಸಕರು ಆ ನೆಲಕ್ಕೆಂದೇ ಕಾನೂನು ಮಾಡಿ ಒಂದು ಪುಟ್ಟ ಸ್ಥಳೀಯ ಸರ್ಕಾರವನ್ನು ಹುಟ್ಟಿಸಿದರು. ರೀಡಿ ಕ್ರೀಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್ ಅಂತ ಹೆಸರು. ರಸ್ತೆ, ಚರಂಡಿ, ಅಗ್ನಿಶಾಮಕ ದಳ, ಕಟ್ಟಡದ ನಿಯಮ, ಯಾವ ಜಾಗದಲ್ಲಿ ಏನು ಕಟ್ಟಬೇಕು ಅನ್ನುವ ತೀರ್ಮಾನ, ತೆರಿಗೆಯಿಲ್ಲದ ಬಾಂಡ್ ಮಾರಿ ಸಾಲ ಎತ್ತುವ ಅಧಿಕಾರ, ಎಲ್ಲವೂ ಅದಕ್ಕೆ. ಬೇಕೆನಿಸಿದರೆ ವಿಮಾನ ನಿಲ್ದಾಣ ಕಟ್ಟಬಹುದು. ಇನ್ನೂ ಬೇಕೆನಿಸಿದರೆ ಅಣು ವಿದ್ಯುತ್ ಸ್ಥಾವರವನ್ನೂ ಕಟ್ಟಬಹುದು. ತಮಾಷೆ ಅಲ್ಲ, ಕಾನೂನಿನಲ್ಲೇ ಇತ್ತು. ಜಯಂಟ್ ವೀಲ್ ತಿರುಗಿಸಲು ಎಷ್ಟು ಕರೆಂಟು ಬೇಕಾದೀತೋ ಅಂತ ಪಾಪ ಶಾಸಕರಿಗೆ ಚಿಂತೆ ಇದ್ದಿರಬೇಕು.

ಈ ಡಿಸ್ಟ್ರಿಕ್ಟ್ ನಡೆಸಲು ಐದು ಜನರ ಮಂಡಳಿ. ಐವರನ್ನೂ ಆರಿಸುವುದು ಚುನಾವಣೆಯಿಂದ, ಪ್ರಜಾಪ್ರಭುತ್ವ ಅಲ್ವಾ! ವೋಟು ಮಾತ್ರ ತಲೆಗೊಂದಲ್ಲ, ಎಕರೆಗೊಂದು. ಬಹುಪಾಲು ಎಕರೆ ಯಾರದ್ದು ಅಂತ ಕೇಳಬೇಡಿ. ಮಂಡಳಿಯ ಸದಸ್ಯರಿಗೂ ಅಲ್ಲಿ ಜಮೀನು ಇರಲೇಬೇಕು ಅಂತ ನಿಯಮ, ಹಾಗಾಗಿ ಕಂಪನಿಯೇ ಒಬ್ಬೊಬ್ಬರ ಹೆಸರಿಗೆ ಐದೈದು ಎಕರೆ ಬರೆದುಕೊಡುತ್ತಿತ್ತು. ಅಭ್ಯರ್ಥಿಯೂ ನಮ್ಮವನೇ, ಮತದಾರನೂ ನಾವೇ, ಅಭ್ಯರ್ಥಿ ಕಾಲಿಟ್ಟ ನೆಲವೂ ನಾವು ಕೊಟ್ಟಿದ್ದೇ. ಇಂಥ ಚುನಾವಣೆಯಲ್ಲಿ ಮತ ಎಣಿಕೆ ದಿನ ಟೀವಿ ಮುಂದೆ ಕೂರುವ ಕಷ್ಟ ಯಾರಿಗೂ ಇಲ್ಲ. ಕಂಪನಿ ನಕ್ಷೆ ಬರೆದು ಸರ್ಕಾರಕ್ಕೆ ಕೊಡಬೇಕು, ಸರ್ಕಾರ ನೋಡಿ ಅಸ್ತು ಅನ್ನಬೇಕು. ಫೈಲು ಬಾಕಿ ಉಳಿಯಿತು ಅನ್ನುವ ಮಾತೇ ಇಲ್ಲ.

ಇಷ್ಟೆಲ್ಲ ಅಧಿಕಾರ ಯಾಕೆ ಕೊಟ್ಟರು ಅಂದರೆ, ಅಲ್ಲೊಂದು ಊರು ಏಳುತ್ತದೆ ಅಂತ ಹೇಳಲಾಗಿತ್ತು. ಎಪ್ಕಾಟ್ ಅನ್ನುವ ಭವಿಷ್ಯದ ನಗರ, 20,000 ಜನರ ವಾಸ. ಹಾಗೆ ಕನಸು ಕಂಡ ವಾಲ್ಟ್ ಡಿಸ್ನಿ ಕಾನೂನು ಬರುವ ಮೊದಲೇ, 1966ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಗರ ಬರಲಿಲ್ಲ. ಅಧಿಕಾರ ಬಂತು. 1982ರಲ್ಲಿ ಅದೇ ಹೆಸರಿನ ಇನ್ನೊಂದು ಪಾರ್ಕ್ ಬಾಗಿಲು ತೆಗೆಯಿತು, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಭವಿಷ್ಯ ನೋಡಿಕೊಂಡು ಬರಬಹುದು, ರಾತ್ರಿ ಉಳಿಯುವ ಹಾಗಿಲ್ಲ.

ಊರು ಇಲ್ಲವೇ ಇಲ್ಲ ಅಂದರೆ ತಪ್ಪಾಗುತ್ತದೆ. ಬೇ ಲೇಕ್, ಲೇಕ್ ಬ್ಯೂನಾ ವಿಸ್ಟಾ ಅಂತ ಎರಡು ನಗರಗಳಿವೆ. ಎರಡೂ ಸೇರಿಸಿದರೆ ಖಾಯಂ ನಿವಾಸಿಗಳು ಕೆಲವೇ ಡಜನ್. ಹೆಚ್ಚಿನವರು ಕಂಪನಿಯ ಸಿಬ್ಬಂದಿ ಮತ್ತು ಅವರ ಮನೆಯವರು. ಒಂದು ಮದುವೆ ಮನೆಯ ಮೊದಲ ಪಂಕ್ತಿ ಇವರಿಗಿಂತ ದೊಡ್ಡದಿರುತ್ತದೆ. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಮುಂದಿನ ಜಾಣತನ. 1990ರ ದಶಕದಲ್ಲಿ ಕಂಪನಿ ಸೆಲೆಬ್ರೇಷನ್ ಅನ್ನುವ ನಿಜವಾದ ಊರನ್ನೇ ಕಟ್ಟಿ ಮನೆ ಮಾರಿತು. ಮನೆ ಕೊಂಡವನು ಜಮೀನುದಾರ, ಜಮೀನುದಾರನಿಗೆ ವೋಟು! ಅದಕ್ಕೇ ಆ ಊರಿನ ನೆಲವನ್ನು ಡಿಸ್ಟ್ರಿಕ್ಟ್ ಗಡಿಯಿಂದಲೇ ಹೊರಗೆ ಹಾಕಿದರು. ಆಮೇಲೆ ಗೋಲ್ಡನ್ ಓಕ್ ಅಂತ ಕೋಟ್ಯಾಧೀಶರ ಬಂಗಲೆಗಳು ಬಂದಾಗಲೂ ಅಷ್ಟೇ. ದುಡ್ಡು ಒಳಗೆ ಬರಬಹುದು, ದುಡ್ಡು ಕೊಟ್ಟವರು ಬೇಲಿಯಾಚೆ.

ನ್ಯಾಯವಾಗಿ ಹೇಳಬೇಕು, ಆಡಳಿತ ಕೆಟ್ಟದಿರಲಿಲ್ಲ. ರಸ್ತೆ ಚೆನ್ನಾಗಿವೆ, ಕಾಲುವೆಗಳು ನೀರು ನಿಲ್ಲಲು ಬಿಡುವುದಿಲ್ಲ, ಸುಮಾರು ಮೂರನೇ ಒಂದು ಪಾಲು ನೆಲವನ್ನು ಕಾಡಾಗಿ ಹಾಗೇ ಬಿಟ್ಟಿದ್ದಾರೆ. ಪ್ರಜೆಗಳೇ ಇಲ್ಲದಿದ್ದರೆ ಒಳ್ಳೆ ಸರ್ಕಾರ ನಡೆಸುವುದು ಎಷ್ಟು ಸಲೀಸು ನೋಡಿ. ಬಾಂಡಿನ ವಿಷಯದಲ್ಲಿ ಮಾತ್ರ ಸ್ವಲ್ಪ ಮುಜುಗರ ಆಗಬೇಕಿತ್ತು. 1990ರಲ್ಲಿ ರಾಜ್ಯ ಹಂಚುವ ತೆರಿಗೆರಹಿತ ಬಾಂಡಿನ ಪಾಲು, ಸುಮಾರು 5.7 ಕೋಟಿ ಡಾಲರ್, ಸರತಿಯಲ್ಲಿ ಮೊದಲು ನಿಂತವರಿಗೆ ಸಿಕ್ಕಿತು. ಮೊದಲು ನಿಂತಿದ್ದು ರೀಡಿ ಕ್ರೀಕ್. ಹಿಂದೆ ನಿಂತಿದ್ದು ಆರೆಂಜ್ ಕೌಂಟಿ, ಅಂದರೆ ನಮ್ಮ ಲೆಕ್ಕದಲ್ಲಿ ಜಿಲ್ಲಾಡಳಿತ, ಬಡವರ ಮನೆಗೆ ಬೇಕಿತ್ತಂತೆ. ಬಡವರ ಸೂರಿನ ದುಡ್ಡು ಪ್ರವಾಸಿಗರ ಕಕ್ಕಸಿನ ನೀರು ಶುದ್ಧ ಮಾಡಲು ಹೋಯಿತು. ಸರತಿಯಲ್ಲಿ ನಿಲ್ಲುವುದು ಹೇಗೆ ಅಂತ ಡಿಸ್ನಿಯವರಿಗೆ ಯಾರು ಹೇಳಿಕೊಡಬೇಕು?

ಹೀಗೆ 55 ವರ್ಷ ಯಾರ ಕಣ್ಣಿಗೂ ಚುಚ್ಚದ ಈ ವ್ಯವಸ್ಥೆ 2022ರಲ್ಲಿ ಇದ್ದಕ್ಕಿದ್ದಂತೆ ಅನ್ಯಾಯವಾಗಿ ಕಾಣಿಸಿತು. ಚರಂಡಿ ಕಟ್ಟಿಕೊಂಡಿತೇ? ಇಲ್ಲ. ಚಿಕ್ಕ ತರಗತಿಗಳಲ್ಲಿ ಲೈಂಗಿಕತೆ, ಲಿಂಗ ಗುರುತಿನ ಪಾಠ ಮಾಡಬಾರದು ಅಂತ ರಾಜ್ಯ ತಂದ ಕಾನೂನನ್ನು ಡಿಸ್ನಿ ಟೀಕಿಸಿತ್ತು. ಅದೂ ಮೊದಲು ಬಾಯಿ ಮುಚ್ಚಿಕೊಂಡಿದ್ದು, ನೌಕರರು ಗಲಾಟೆ ಮಾಡಿದ ಮೇಲೆ. ಗವರ್ನರ್ ರಾನ್ ಡಿಸ್ಯಾಂಟಿಸ್‌ಗೆ ಸಿಟ್ಟು ಬಂತು. ಒಂದು ಕಂಪನಿಗೆ ಇಷ್ಟೊಂದು ಅಧಿಕಾರವೇ ಅಂತ ಆ ವರ್ಷದ ಏಪ್ರಿಲ್‌ನಲ್ಲಿ ಡಿಸ್ಟ್ರಿಕ್ಟನ್ನೇ ರದ್ದು ಮಾಡುವ ಕಾನೂನಿಗೆ ಸಹಿ ಬಿತ್ತು. ಸಹಿಯ ಶಾಯಿ ಒಣಗುವಷ್ಟರಲ್ಲಿ ಯಾರೋ ಲೆಕ್ಕ ಹಾಕಿದರು: ಡಿಸ್ಟ್ರಿಕ್ಟ್ ಹೋದರೆ ಅದರ ಸುಮಾರು 100 ಕೋಟಿ ಡಾಲರ್ ಸಾಲ ಯಾರ ತಲೆಗೆ? ಅಲ್ಲಿನ ಕೌಂಟಿಗಳ ತೆರಿಗೆದಾರರ ತಲೆಗೆ!

ಸರಿ, 2023ರ ಫೆಬ್ರುವರಿಯಲ್ಲಿ ಇನ್ನೊಂದು ಕಾನೂನು. ಅಳಿಯ ಅಲ್ಲ, ಮಗಳ ಗಂಡ. ಹೆಸರು ಸೆಂಟ್ರಲ್ ಫ್ಲೋರಿಡಾ ಟೂರಿಸಂ ಓವರ್‌ಸೈಟ್ ಡಿಸ್ಟ್ರಿಕ್ಟ್. ನೆಲ ಅದೇ, ಸಾಲ ಅದೇ, ಐದು ಕುರ್ಚಿ ಅವೇ. ಮೊದಲು ಎಕರೆಗೊಂದು ವೋಟಿತ್ತು, ಈಗ ವೋಟೇ ಇಲ್ಲ, ಐವರನ್ನೂ ಗವರ್ನರೇ ನೇಮಿಸುತ್ತಾರೆ. ಅಣುಸ್ಥಾವರದ ಅಧಿಕಾರ ಕಿತ್ತುಕೊಂಡರು ಅನ್ನುವುದೊಂದು ಸಮಾಧಾನ.

ಹೊಸ ಮಂಡಳಿ ಗತ್ತಿನಿಂದ ಬಂದು ಕುರ್ಚಿಯಲ್ಲಿ ಕೂತು ಕಡತ ಬಿಚ್ಚಿದರೆ, ಹಳೆಯ ಮಂಡಳಿ ಹೋಗುವ ಮುಂಚೆ ಅಂದರೆ ಫೆಬ್ರುವರಿ 8ಕ್ಕೆ ಒಂದು ಒಪ್ಪಂದ ಮಾಡಿಟ್ಟು ಹೋಗಿತ್ತು. 30 ವರ್ಷ ಏನೇನು ಕಟ್ಟಬಹುದು ಅನ್ನುವ ಹಕ್ಕೆಲ್ಲ ಕಂಪನಿಗೆ. ಡಿಸ್ಟ್ರಿಕ್ಟಿನ ಕಟ್ಟಡದ ಹೊರನೋಟಕ್ಕೂ ಕಂಪನಿಯ ಒಪ್ಪಿಗೆ ಬೇಕು. ಮಿಕ್ಕಿ ಮೌಸ್ ಚಿತ್ರ ಕೇಳದೆ ಬಳಸುವಂತಿಲ್ಲ. ಇದನ್ನೆಲ್ಲ ಕದ್ದುಮುಚ್ಚಿಯೂ ಮಾಡಿರಲಿಲ್ಲ, ಪತ್ರಿಕೆಯಲ್ಲಿ ನೋಟಿಸ್ ಕೊಟ್ಟು ಬಹಿರಂಗ ಸಭೆಯಲ್ಲೇ ಪಾಸ್ ಮಾಡಿದ್ದರು. ಹಗಲು ರಾತ್ರಿ ಡಿಸ್ನಿಯದೇ ಜಪ ಮಾಡುತ್ತಿದ್ದವರು ನೋಟಿಸ್ ಓದುವುದನ್ನು ಮಾತ್ರ ಮರೆತಿದ್ದರು.

ಈ ಹೊರನೋಟ, ಮಿಕ್ಕಿ ಚಿತ್ರದಂಥ ಷರತ್ತುಗಳ ಅವಧಿ ಎಷ್ಟು ಅಂತ ಬರೆದದ್ದು ನೋಡಬೇಕು. ಇಂಗ್ಲೆಂಡಿನ ರಾಜ ಮೂರನೇ ಚಾರ್ಲ್ಸ್ ಅವರ ವಂಶದಲ್ಲಿ ಒಪ್ಪಂದದ ದಿನ ಬದುಕಿದ್ದವರ ಪೈಕಿ ಕೊನೆಯವರು ತೀರಿಕೊಂಡು 21 ವರ್ಷ ಆಗುವ ತನಕ! ಇದು ವಕೀಲರ ಹಳೆಯ ಉಪಾಯ, ಶಾಶ್ವತ ಅಂತ ಬರೆದರೆ ಕಾನೂನು ಒಪ್ಪದು, ಹಾಗಾಗಿ ಯಾರದ್ದಾದರೂ ಆಯುಷ್ಯಕ್ಕೆ ಗಂಟು ಹಾಕುತ್ತಾರೆ, ರಾಜಮನೆತನವಾದರೆ ಹುಟ್ಟು ಸಾವಿನ ಲೆಕ್ಕ ಸಿಗುವುದು ಸುಲಭ. ಆದರೂ ಯೋಚಿಸಿ. 1776ರಲ್ಲಿ ಆ ಸಿಂಹಾಸನವೇ ಬೇಡ ಅಂತ ಬಿಡಿಸಿಕೊಂಡು ಬಂದ ದೇಶ, 2023ರಲ್ಲಿ ಫ್ಲೋರಿಡಾದ ಜೌಗು ನೆಲದ ಹಕ್ಕು ಯಾರದ್ದು ಅಂತ ತಿಳಿಯಲು ರಾಜನ, 2021ರಲ್ಲಿ ಹುಟ್ಟಿದ ಮೊಮ್ಮಗಳ ಆರೋಗ್ಯ ವಿಚಾರಿಸಬೇಕು. ಮಗುವಿಗೆ ಕೆಮ್ಮು ಬಂದರೆ ಡಿಸ್ಟ್ರಿಕ್ಟ್ ಆಫೀಸಿನಲ್ಲಿ ಲವಲವಿಕೆ!

ಗವರ್ನರ್ ಉತ್ತರವೂ ಕಡಿಮೆಯದ್ದಲ್ಲ. ಪಾರ್ಕಿನ ಪಕ್ಕದ ಜಾಗದಲ್ಲಿ ಏನು ಬೇಕಾದರೂ ಮಾಡಬಹುದು, ಜೈಲೊಂದನ್ನು ಕಟ್ಟಿದರೆ ಹೇಗೆ ಅಂತ ಯಾರೋ ಹೇಳಿದರು ಅಂದರು. ಭೂಬಳಕೆ ಯೋಜನೆ ಅಂದರೆ ಇದು. ಕಂಪನಿ ಕೋರ್ಟಿಗೆ ಹೋಯಿತು, ಮಂಡಳಿಯೂ ಕೋರ್ಟಿಗೆ ಹೋಯಿತು. ಈ ನಡುವೆ ಹೊಸ ಮಂಡಳಿ ಮಾಡಿದ ಮಹತ್ಕಾರ್ಯ ಅಂದರೆ ಡಿಸ್ಟ್ರಿಕ್ಟಿನ ನೌಕರರಿಗೆ, ಅಗ್ನಿಶಾಮಕ ಸಿಬ್ಬಂದಿಗೆ ಮೊದಲಿಂದ ಸಿಗುತ್ತಿದ್ದ ಪಾರ್ಕಿನ ಪಾಸು, ರಿಯಾಯಿತಿ ನಿಲ್ಲಿಸಿದ್ದು. ಹುಲಿಯ ಬೇಟೆಗೆ ಅಂತ ಹೊರಟವರು ಬೆಂಕಿ ಆರಿಸುವವನ ಮಕ್ಕಳ ಟಿಕೆಟ್ ಕಿತ್ತುಕೊಂಡು ಬಂದರು.

ಬೆಟ್ಟ ಅಗೆದು ಇಲಿ ಹಿಡಿದರು ಅನ್ನೋಣವೆಂದರೆ ಅದೂ ಇಲ್ಲ, ಇಲಿ ಸಿಗಲೇ ಇಲ್ಲ. 2024ರ ಮಾರ್ಚ್‌ನಲ್ಲಿ ರಾಜಿಯಾಯಿತು. ರಾಜವಂಶದ ಷರತ್ತು ಬಿದ್ದುಹೋಯಿತು, ಜೂನ್‌ನಲ್ಲಿ 15 ವರ್ಷದ ಹೊಸ ಒಪ್ಪಂದಕ್ಕೆ ಗವರ್ನರ್ ನೇಮಿಸಿದ ಮಂಡಳಿಯೇ ಕೈ ಎತ್ತಿತು. ಕಂಪನಿ 1,700 ಕೋಟಿ ಡಾಲರ್ ತನಕ ಹೂಡುತ್ತದೆ, ಕಡಿಮೆ ದರದ ಮನೆಗಳಿಗೆ 1 ಕೋಟಿ ಡಾಲರ್ ಕೊಡುತ್ತದೆ, ಐದನೇ ದೊಡ್ಡ ಪಾರ್ಕ್, ಎರಡು ಚಿಕ್ಕ ಪಾರ್ಕ್ ಕಟ್ಟಲು ಅನುಮತಿ. ಹಳೆಯ ಒಪ್ಪಂದದಲ್ಲೂ ಇದೇ ಪಾರ್ಕುಗಳಿದ್ದವು. ವಕೀಲರ ಬಿಲ್ ಬೇರೆ. ಐದನೇ ಪಾರ್ಕ್ ಕಟ್ಟಬಹುದು ಅಂತಿದೆ, ಕಟ್ಟಲೇಬೇಕು ಅಂತೇನಿಲ್ಲ.