ಚೌಕದಲ್ಲಿ ಅಡುಗೆಯ ಬಗೆ ಕಡಿಮೆ ಮಾಡಿ

ಚಾತುರ್ಮಾಸ್ಯ ಬಂತೆಂದರೆ ದಿಗಂಬರ ಜೈನ ಮುನಿಗಳ ಕೇಶಲೋಚದ ವಿಡಿಯೋಗಳು ಹರಿದಾಡುತ್ತವೆ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಬೂದಿ ಹಚ್ಚಿ ತಲೆ, ಗಡ್ಡದ ಕೂದಲನ್ನು ಕೈಯಲ್ಲೇ ಕಿತ್ತುಕೊಳ್ಳುವುದು, ಅವತ್ತು ಉಪವಾಸ. ನೋಡಿದವರ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ನನ್ನ ಕೇಳಿದರೆ ಅದಕ್ಕಿಂತ ಕಠಿಣ ಊಟದ ನಿಯಮ. ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ. ನೀರೂ ಆಗಲೇ. ನಡುವೆ ಅಂತರಾಯ, ಅಂದರೆ ಊಟ ನಿಲ್ಲಿಸಲೇಬೇಕಾದ ಅಡ್ಡಿ, ಬಂದರೆ ಅಲ್ಲಿಗೇ ಮುಗಿಯಿತು, ಮುಂದಿನ ಗುಟುಕು ನಾಳೆಗೆ.

ಆ ಅಂತರಾಯ ಎಷ್ಟೋ ಸಲ ಚೌಕದಲ್ಲಿ, ಅಂದರೆ ಮುನಿಗಳಿಗೆ ಶುದ್ಧವಾಗಿ ಅಡುಗೆ ಮಾಡಿ ಬಡಿಸುವ ಜಾಗದಲ್ಲಿ, ಗೃಹಸ್ಥರಾದ ನಮ್ಮ ಕೈಯಿಂದಲೇ ಆಗುತ್ತದೆ. ತುತ್ತಿನಲ್ಲಿ ಒಂದು ಕೂದಲು, ಒಂದು ಸತ್ತ ಇರುವೆ ಸಾಕು. ಹತ್ತಿಪ್ಪತ್ತು ಬಗೆ ಮಾಡಿದರೆ ಅಷ್ಟನ್ನೂ ಶೋಧಿಸಲು ಯಾರಿಗೆ ವ್ಯವಧಾನವಿರುತ್ತದೆ? ದ್ರಾಕ್ಷಿ, ಗೋಡಂಬಿ, ಖರ್ಜೂರವನ್ನು ಸೀಳಿ ಒಳಗೆ ನೋಡಬೇಕು. ಬಡಿಸುವವರು ತಲೆಗೆ ಬಟ್ಟೆ ಕಟ್ಟಿ, ಪ್ರತಿ ತುತ್ತನ್ನೂ ತಟ್ಟೆಯಲ್ಲಿ ಬೆಳಕಿಗೆ ಹರಡಿ ನೋಡಿಯೇ ಕೊಡಬೇಕು. ಮುನಿಗಳೂ ಹೆಬ್ಬೆರಳಿನಿಂದ ಬಿಡಿಸಿ ನೋಡಿಕೊಳ್ಳುತ್ತಾರೆ, ಅವಸರ ಮಾಡಬೇಡಿ. ಹಾಲು, ನೀರನ್ನು ಸಣ್ಣ ಧಾರೆಯಾಗಿ ಬಿಡಿ. ಭಕ್ತಿಯ ಭರದಲ್ಲಿ ಸುರಿದರೆ ಬೆರಳ ಸಂದಿಯಲ್ಲಿ ಸೋರಿ ಹೋಗುತ್ತದೆ. ಬಿಸಿಯನ್ನು ಮೊದಲು ನಿಮ್ಮ ಕೈ ಮೇಲೆ ನೋಡಿಕೊಳ್ಳಿ, ಅವರಿಗೆ ತಟ್ಟೆಯಿಲ್ಲ.

ನೀರಿನದೇ ದೊಡ್ಡ ಕೆಲಸ. ಬಾವಿಯ ನೀರನ್ನು ದಪ್ಪ ಬಟ್ಟೆ ಎರಡು ಮಡಿಕೆ ಮಾಡಿ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಬರೀ ಸೋಸಿದ ನೀರಿಗೆ 48 ನಿಮಿಷದ ಮರ್ಯಾದೆ (ಬಳಸಬಹುದಾದ ಅವಧಿ), ಚೆನ್ನಾಗಿ ಕುದಿಸಿದ್ದಕ್ಕೆ 24 ಗಂಟೆ.

ಹಿಂದಿನ ದಿನವೇ ಮುನಿಗಳ ಜೊತೆಗಿರುವ ಸಂಘದವರನ್ನು ಕೇಳಿ, ಮುನಿ ಮಹಾರಾಜರು ಯಾವ ರಸ ತ್ಯಾಗ ಮಾಡಿದ್ದಾರೆ ಅಂತ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು, ಇವುಗಳಲ್ಲಿ ಕೆಲವನ್ನು ಕೆಲವರು ಬಿಟ್ಟಿರುತ್ತಾರೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು ಉಪ್ಪು, ಸಕ್ಕರೆ ಎರಡನ್ನೂ ಬಿಟ್ಟಿದ್ದರು. ಅಂಥವರ ಮುಂದೆ ಎಂಟು ಬಗೆಯ ಪಲ್ಯ ಸಾಲಾಗಿಟ್ಟು ಯಾರನ್ನು ಮೆಚ್ಚಿಸಬೇಕು? ಶಾಸ್ತ್ರ ಹೇಳುವುದೇ ಅರ್ಧ ಹೊಟ್ಟೆ ಅನ್ನ, ಕಾಲು ನೀರು, ಕಾಲು ಖಾಲಿ.

ಇನ್ನು, "ನಮ್ಮ ಬಾಗಿಲಿಗೆ ಬಂದು ಹಾಗೇ ಹೋದರು" ಅಂತ ಮುನಿಸಿಕೊಳ್ಳುವವರು. ಊಟಕ್ಕೆ ಹೊರಟು, ಬಲಗೈ ಬೆರಳು ಕೂಡಿಸಿ ಭುಜದ ಮೇಲಿಟ್ಟು ಬರುವ ಮುನಿಗಳ ಮನಸ್ಸಿನಲ್ಲಿ ಒಂದು ಸಂಕಲ್ಪವಿರಬಹುದು: ದಂಪತಿ ಕೂಡಿ ನಿಂತಿರಬೇಕು, ಕೈಯಲ್ಲಿ ಇಂಥ ಹಣ್ಣಿರಬೇಕು, ಹೀಗೆ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲೂ ಕೂಡಿಬರದಿದ್ದರೆ ಅವತ್ತು ಉಪವಾಸವೇ. ನೀವು "ನಮೋಸ್ತು, ಅತ್ರ ತಿಷ್ಠ ತಿಷ್ಠ" (ನಮಸ್ಕಾರ, ಇಲ್ಲಿ ನಿಲ್ಲಿ) ಅಂದು ಕಲಶ ಹಿಡಿದು ನಿಲ್ಲಿ, ಅಷ್ಟೇ. ಮೊಬೈಲ್ ಹಿಡಿದ ನೆಂಟರನ್ನು ಮಾತ್ರ ಚೌಕದ ಹೊರಗೇ ನಿಲ್ಲಿಸಿ.